ವಿಭೂತಿ ಹಚ್ಚಿದಲ್ಲೇ ತುಕ್ಕು

ಇವತ್ತು ಬೆಳಿಗ್ಗೆ ಅಳತೆ ಟೇಪು ಹಿಡಿದುಕೊಂಡು ಗ್ಯಾರೇಜಿಗೆ ಹೋದೆ. ದೊಡ್ಡದೊಂದು ಫ್ರೀಜರ್ ಬೇಕೆಂಬುದು ನನ್ನ ಬಹಳ ದಿನದ ಆಸೆ. ಇಲ್ಲಿಯ ಇಂಡಿಯನ್ ಅಂಗಡಿಗೆ ಹಿತಕಿದಬೇಳೆ ಬರುವುದೇ ಅಪರೂಪ. ಬಂದಾಗ ಬಾಚಿಕೊಂಡು ಬರದಿದ್ದರೆ ಮೈಸೂರಿನವಳು ಅಂತ ಹೇಳಿಕೊಳ್ಳಲು ಮುಖವಿರುವುದಿಲ್ಲ. ಬಾಚಿಕೊಂಡು ಬಂದರೆ ಇಡಲು ಜಾಗವಿರುವುದಿಲ್ಲ. ಬೇಸ್‌ಮೆಂಟಿನ ಮೆಟ್ಟಿಲು ದಿನಾ ಹತ್ತಿಳಿಯುವುದು ಬೇಡವೆಂದರೆ, ಇರುವ ಜಾಗ ಗ್ಯಾರೇಜಿನ ಎಡಮೂಲೆಯೊಂದೇ. ಅಲ್ಲಿ ನಮ್ಮ ಯಜಮಾನರ ಮೋಟರ್‌ಸೈಕಲ್ಲು ಹೊದ್ದು ಮಲಗಿದೆ. ವರ್ಷದ ಅರ್ಧಭಾಗ ಅದಕ್ಕೆ ನಿದ್ದೆ. ಮಿಕ್ಕ ಅರ್ಧದಲ್ಲೂ ಇವರು ಅದನ್ನು ಓಡಿಸಿದ್ದಕ್ಕಿಂತ ಒರೆಸಿದ್ದೇ ಹೆಚ್ಚು. ಇವತ್ತು ಇದಕ್ಕೊಂದು ಗತಿ ಕಾಣಿಸಿಯೇ ಬಿಡುತ್ತೇನೆ ಅಂತ ಹೊದಿಕೆ ಎಳೆದೆ.

ಎಳೆದದ್ದೇ ತಪ್ಪಾಯಿತು ನೋಡಿ. ಹೆಡ್‌ಲೈಟಿನ ಹೊಳೆಯುವ ಕ್ರೋಮ್ ಲೇಪದ ಮೇಲೆ ಕೈ ಹೋಯಿತು. ಸಣ್ಣ ಸಣ್ಣ ಗುಳಿಗಳು ಬೆರಳಿಗೆ ಸಿಕ್ಕವು. ಅವು ಸುಮ್ಮನೆ ನೋಡಿದರೆ ಕಾಣುವುದಿಲ್ಲ, ಮುಟ್ಟಿದರೆ ಗೊತ್ತಾಗುತ್ತವೆ. ಆ ಗುಳಿಗಳ ಕಥೆ ನಿಮಗೆ ಹೇಳದೆ ಅಳತೆ ಶುರುಮಾಡುವುದು ನನ್ನ ಕೈಲಾಗಲಿಲ್ಲ.

ಆಗ ರಿಸೆಶನ್ನಿನ ಕಾಲ. ಇವರು ಮಿಶಿಗನ್ನಿನ ಸೌತ್‌ಫೀಲ್ಡಿನ ಒಂದು ಎತ್ತರದ ಕಟ್ಟಡದಲ್ಲಿ ಕಾರಿನ ಬಿಡಿಭಾಗಗಳನ್ನು ಡಿಸೈನ್ ಮಾಡುತ್ತಿದ್ದರು. ಆ ಕಟ್ಟಡದಲ್ಲಿ ಒಂದೊಂದೇ ಮಹಡಿಯ ದೀಪ ಆರುತ್ತ ಬಂದು, ಬೇಸಿಗೆ ಮುಗಿಯುವ ಹೊತ್ತಿಗೆ ಇವರ ಮಹಡಿಯದೂ ಆರಿತು. ನನಗೆ ಇಲ್ಲಿ ಒಂದು ಕ್ಲಿನಿಕ್ಕಿನ ಲ್ಯಾಬಿನಲ್ಲಿ ಕೆಲಸ ಸಿಕ್ಕಿದ್ದರಿಂದ ಮಿಶಿಗನ್ನಿನಿಂದ ಗಂಟುಮೂಟೆ ಕಟ್ಟಿ ಶಿಕಾಗೋ ಹತ್ತಿರದ ಈ ವುಡ್‌ರಿಡ್ಜಿಗೆ ಬಂದೆವು. ಎರಡು ಕಾರಿನಲ್ಲಿ ಒಂದು ಹೋಯಿತು. ಮೋಟರ್‌ಸೈಕಲ್ಲು ಮಾತ್ರ ಉಳಿಯಿತು. ಅದನ್ನು ಮಾರೋಣ ಅಂತ ನಾನು ಕೇಳಲಿಲ್ಲ, ಇವರೂ ಆ ಮಾತು ಎತ್ತಲಿಲ್ಲ.

ಬಂದ ಹೊಸದರಲ್ಲೇ ಆಯುಧಪೂಜೆ. ಇವರು ಧಾರವಾಡದವರು. ಕೆಲಸವಿದ್ದ ವರ್ಷಗಳಲ್ಲಿ ಗಾಡಿಗೆ ಒಂದು ಬೊಟ್ಟು ಕುಂಕುಮ ಮೆತ್ತಿ, ಊದಿನಕಡ್ಡಿ ತಿರುಗಿಸಿ ಆಫೀಸಿಗೆ ಓಡುತ್ತಿದ್ದವರು. ಆ ವರ್ಷ ಮಡಿಯುಟ್ಟು ಕೂತರು. ವಿಭೂತಿಯನ್ನು ನೀರಿನಲ್ಲಿ ಕಲಸಿ ಹೆಡ್‌ಲೈಟಿನ ಮೇಲೆ ದಪ್ಪಗೆ ಮೂರು ಪಟ್ಟೆ ಎಳೆದರು, ನಡುವೆ ಕುಂಕುಮವಿಟ್ಟರು. ತೆಂಗಿನಕಾಯಿ ಒಡೆದು ಅದರ ನೀರನ್ನು ಮೇಲಿನಿಂದ ಕೆಳಗಿನವರೆಗೆ ಅಭಿಷೇಕ ಮಾಡಿದರು. ಕೈಮುಗಿದವರು ಎಷ್ಟು ಹೊತ್ತಾದರೂ ಕಣ್ಣು ಬಿಡಲಿಲ್ಲ.

"ರೀ, ಇನ್ನು ಒರೆಸಿಬಿಡಿ. ಚಳಿಗಾಲಕ್ಕೆ ಮುಚ್ಚಿಡೋ ಗಾಡಿ," ಅಂದೆ.

"ದೇವರ ಹೆಸರೀಲೆ ಹಚ್ಚಿದ್ದನ್ನ ಕೈಲೆ ಒರಸಬಾರದು. ತಾನ ಹೋಗಬೇಕು," ಅಂದರು. ಹಾಗೇ ಪ್ಲಾಸ್ಟಿಕ್ ಹೊದಿಕೆ ಎಳೆದು ಕಟ್ಟಿಯೂ ಬಿಟ್ಟರು.

ಧಾರವಾಡದಲ್ಲಿ ಅದು ತಾನಾಗಿ ಹೋಗುತ್ತದೆ, ಒಪ್ಪಿದೆ. ಬಿಸಿಲಿದೆ, ಧೂಳಿದೆ, ಗಾಡಿ ದಿನಾ ರಸ್ತೆಯಲ್ಲಿರುತ್ತದೆ. ಇಲ್ಲಿ ಹೊದಿಕೆಯೊಳಗೆ ಅದು ಎಲ್ಲಿಗೆ ಹೋಗಬೇಕು? ಸಾಲದ್ದಕ್ಕೆ ಮಂಜುಗಡ್ಡೆ ಕರಗಲೆಂದು ರಸ್ತೆಗೆ ಸುರಿದ ಉಪ್ಪನ್ನೂ ಹಿಮವನ್ನೂ ನನ್ನ ಕಾರು ದಿನಾ ಹೊತ್ತು ತಂದು ಗ್ಯಾರೇಜಿನೊಳಗೆ ಕರಗಿಸುತ್ತಿತ್ತು. ಏಪ್ರಿಲ್‌ವರೆಗೂ ಅದು ಗ್ಯಾರೇಜಲ್ಲ, ಬಚ್ಚಲುಮನೆ.

ಆ ಚಳಿಗಾಲದಲ್ಲಿ ಇವರ ಮಾತು ನಿಂತಿತು. ಜಗಳವೇನಿಲ್ಲ, ಕೋಪವೂ ಇಲ್ಲ. ನಾನು ಬರುವ ಹೊತ್ತಿಗೆ ಅನ್ನ ಆಗಿರುತ್ತಿತ್ತು, ತರಕಾರಿ ಹೆಚ್ಚಿರುತ್ತಿತ್ತು. ಫೋನ್ ಇಂಟರ್‌ವ್ಯೂಗಳಲ್ಲಿ ಅಪರಿಚಿತರೊಂದಿಗೆ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಮಾತಾಡುತ್ತಿದ್ದವರು, ನನ್ನೊಡನೆ ಕನ್ನಡದಲ್ಲಿ "ಹ್ಞೂಂ" ದಾಟುತ್ತಿರಲಿಲ್ಲ. ಕನ್ನಡದವರ ಮನೆಯ ಪಾಟ್‌ಲಕ್ ಊಟಕ್ಕೆ ಹೋದರೆ ಯಾರಾದರೊಬ್ಬರು ತಟ್ಟೆ ಹಿಡಿದು ಹತ್ತಿರ ಬಂದು "ಏನಾದ್ರೂ ಆಯ್ತಾ?" ಅಂತ ಕೇಳುವರು. ಕೇಳುವವರದು ಒಳ್ಳೆಯ ಮನಸ್ಸೇ, ಆದರೆ ಇವರು ಹೋಗುವುದನ್ನೇ ಬಿಟ್ಟರು. ಈ ಮನುಷ್ಯ ಇನ್ನು ಹೀಗೇ ಉಳಿದುಬಿಟ್ಟರೆ ಏನು ಗತಿ ಅಂತ ನನಗೆ ನಿಜವಾಗಿಯೂ ಹೆದರಿಕೆಯಾಗಿತ್ತು. ಅಡುಗೆಮನೆಯ ಒಂದು ಡ್ರಾಯರನ್ನು ನಾನು ತೆಗೆಯುತ್ತಲೇ ಇರಲಿಲ್ಲ. ಇವರ ಬುತ್ತಿಯ ಚಪಾತಿ ಸುತ್ತುತ್ತಿದ್ದ ಅಲ್ಯೂಮಿನಿಯಂ ಫಾಯಿಲ್ ಸುರುಳಿ ಅದರಲ್ಲಿತ್ತು.

ಹಿಮ ಕರಗುವ ಹೊತ್ತಿಗೆ ಶಿಕಾಗೋ ಡೌನ್‌ಟೌನಿನಲ್ಲಿ ಒಂದು ಕಾಂಟ್ರ್ಯಾಕ್ಟ್ ಕೆಲಸ ಬಂತು. ಮೊದಲಿನದಕ್ಕಿಂತ ಚಿಕ್ಕದು, ಆದರೆ ಕೆಲಸ. ಸೋಮವಾರವೇ ಸೇರಬೇಕು. ಪಕ್ಕದ ಊರಾದ ಡೌನರ್ಸ್ ಗ್ರೋವ್‌ನಲ್ಲಿ ಟ್ರೇನ್ ಹಿಡಿಯಬೇಕು. ಸ್ಟೇಷನ್ನು ಒಂದು ದಿಕ್ಕು, ನನ್ನ ಕ್ಲಿನಿಕ್ಕು ಇನ್ನೊಂದು ದಿಕ್ಕು, ಇರುವುದು ಒಂದು ಕಾರು. ಸ್ಟೇಷನ್ನಿಗೆ ಮೋಟರ್‌ಸೈಕಲ್ಲೇ ಗತಿ. ಶನಿವಾರ ಅದನ್ನು ಬಿಚ್ಚಲು ಗ್ಯಾರೇಜಿಗೆ ಹೋದವರು ಎಷ್ಟು ಹೊತ್ತಾದರೂ ಒಳಗೆ ಬರಲಿಲ್ಲ.

ಹೋಗಿ ನೋಡಿದರೆ ಬಕೆಟ್ಟು ಬೋರಲು ಹಾಕಿಕೊಂಡು ಗಾಡಿಯ ಮುಂದೆ ಕೂತಿದ್ದಾರೆ. ಒಣಗಿದ ವಿಭೂತಿ ಉದುರಿದಲ್ಲೆಲ್ಲ ಅಚ್ಚುಕಟ್ಟಾಗಿ ಮೂರು ಪಟ್ಟೆ ಕೆಂಪು ತುಕ್ಕು, ನಡುವೆ ಒಂದು ತುಕ್ಕಿನ ಬೊಟ್ಟು. ತೆಂಗಿನ ನೀರು ಇಳಿದ ದಾರಿಗುಂಟ ಮಡ್‌ಗಾರ್ಡಿನ ಮೇಲೆ ಉದ್ದನೆಯ ಗೆರೆಗಳು. ಮಿಕ್ಕ ಕಡೆ ಗಾಡಿ ಹೊಳೆಯುತ್ತಿತ್ತು.

"ನೋಡಿಲ್ಲೆ," ಅಂದರು. "ಎಲ್ಲೆ ಕೈಮುಗದಿದ್ದೆ, ಅಲ್ಲೇ ಹಿಡದದ. ದೇವರಿಗೇ ಬ್ಯಾಡಾಗೇದ. ನಾ ಸೋಮವಾರ ಹೋಗೂದಿಲ್ಲ."

ಇಡೀ ಚಳಿಗಾಲ ನುಂಗಿಕೊಂಡಿದ್ದೆಲ್ಲ ನನಗೆ ಒಟ್ಟಿಗೆ ಉಕ್ಕಿತು. "ನೀವು ಇಂಜಿನಿಯರು, ನೀವೇ ಹೇಳಿ. ಕಾಯಿನೀರು, ನೆನೆದ ಬೂದಿ, ಉಪ್ಪಿನ ತೇವ, ಮೇಲೊಂದು ಪ್ಲಾಸ್ಟಿಕ್ಕು. ಅಲ್ಲಿ ತುಕ್ಕು ಹಿಡೀದೆ ಮಲ್ಲಿಗೆ ಬಿಡುತ್ತಾ?" ಅಂದೆ. ಅಂದವಳೇ ಒಳಗೆ ಹೋಗಿ, ದೀಪದ ಕಂಬ ತಿಕ್ಕುವ ಹಾಗೆ ತಿಕ್ಕಿಬಿಡೋಣ ಅಂತ ಹುಣಸೆಹಣ್ಣು ನೆನೆಸಿ ತಂದೆ.

ಹುಣಸೆಹಣ್ಣು ಕಂಡದ್ದೇ ಇವರು ಬಕೆಟ್ಟಿನಿಂದ ಎದ್ದರು. "ತಡಿ ತಡಿ, ಹುಳಿ ಹಚ್ಚಬ್ಯಾಡ. ಸಂದಿಯೊಳಗ ಉಳಕೊಂಡ್ರ ಮತ್ತ ಹಿಡೀತದ. ಮನ್ಯಾಗ ಫಾಯಿಲ್ ಅದ ಏನು?"

ಡ್ರಾಯರು ತೆಗೆದೆ. ಸುರುಳಿ ಹಾಗೇ ಇತ್ತು. ಇವರು ಒಂದು ತುಂಡು ಹರಿದು, ಉಂಡೆ ಮಾಡಿ, ನೀರಿನಲ್ಲಿ ಅದ್ದಿ ಮೆಲ್ಲಗೆ ಉಜ್ಜತೊಡಗಿದರು. ಉಜ್ಜುತ್ತ ಉಜ್ಜುತ್ತ ಹೇಳತೊಡಗಿದರು: ಕ್ರೋಮಿಗಿಂತ ಅಲ್ಯೂಮಿನಿಯಂ ಮೆತ್ತಗಿನದು, ಅದಕ್ಕೇ ಗೀರು ಬೀಳುವುದಿಲ್ಲ, ತುಕ್ಕು ಮೇಲಿನದಷ್ಟೇ, ಒಳಗೆ ಇಳಿದಿಲ್ಲ, ತೊಳೆದು, ತೇವ ಪೂರ್ತಿ ಒಣಗಿಸಿ, ಮೇಲೆ ಮೇಣ ಹಚ್ಚಬೇಕು. ಅಷ್ಟುದ್ದ ಮಾತು ಅವರ ಬಾಯಲ್ಲಿ ನಾನು ಕೇಳಿ ತಿಂಗಳುಗಳಾಗಿದ್ದವು. ಮೊದಲ ಸಲವೇ ಅರ್ಥವಾಗಿತ್ತು. ಆದರೂ "ಯಾಕೆ ಗೀರು ಬೀಳಲ್ಲ ಅಂದ್ರಿ?" ಅಂತ ಇನ್ನೊಮ್ಮೆ ಕೇಳಿದೆ. ಮೊದಲಿನಿಂದ ಹೇಳಿದರು. ನಾನೂ ಒಂದು ಉಂಡೆ ಮಾಡಿಕೊಂಡು ಮಡ್‌ಗಾರ್ಡಿಗೆ ಕೂತೆ.

ಬೊಟ್ಟು ಮೊದಲು ಹೋಯಿತು. ಆಮೇಲೆ ಪಟ್ಟೆಗಳು ಒಂದೊಂದಾಗಿ ಕಂದು ನೀರಾಗಿ ಇಳಿದವು. ಸಣ್ಣ ಗುಳಿಗಳಷ್ಟೇ ಉಳಿದವು. ಮೇಣ ಸಿಗದಿದ್ದರೆ ಕೊಬ್ಬರಿ ಎಣ್ಣೆ ತರಲೇ ಅಂತ ಕೇಳಿದೆ.

"ಮತ್ತ ತೆಂಗಿನಕಾಯೀನ?" ಅಂದವರು ನಕ್ಕೇಬಿಟ್ಟರು. ಗ್ಯಾರೇಜಿನಲ್ಲಿ ಆ ನಗು ದೊಡ್ಡದಾಗಿ ಕೇಳಿಸಿತು. ಆಮೇಲೆ ಬಟ್ಟೆಯಿಂದ ಒರೆಸುತ್ತ, "ತಾನ ಹೋಗ್ಲಿಲ್ಲ ನೋಡು. ನಾವ ತೆಗೀಬೇಕಾತು," ಅಂದರು.

ಸೋಮವಾರ ಅದೇ ಸುರುಳಿಯಿಂದ ಒಂದು ಹಾಳೆ ಹರಿದು ಚಪಾತಿ ಸುತ್ತಿದೆ. ಇವರು ಬುತ್ತಿಯನ್ನು ಬ್ಯಾಗಿಗೆ ಹಾಕಿಕೊಂಡು, ಹೆಲ್ಮೆಟ್ಟು ತೊಟ್ಟು, "ಹೋಗಿ ಬರ್ತೇನಿ" ಅಂದರು. ಗಂಡಂದಿರು ದಿನಾ ಅನ್ನುವ ಮಾತು. ನಾನು ಆ ಮಾತು ಕೇಳದೆ ಒಂದು ಚಳಿಗಾಲ ಕಳೆದಿದ್ದೆ. ಬಾಗಿಲು ಹಾಕಿಕೊಂಡು ಚೆನ್ನಾಗಿ ಅತ್ತೆ, ಕ್ಲಿನಿಕ್ಕಿಗೆ ತಡವಾಗಿಯೂ ಹೋದೆ.

ಈಗಲೂ ಆಯುಧಪೂಜೆಗೆ ಮೂರು ಪಟ್ಟೆ ಬೀಳುತ್ತವೆ. ಸಂಜೆಗೇ ಇವರು ಕೈಮುಗಿದು, ತಪ್ಪಾಯಿತು ಅಂತ ಹೇಳಿಕೊಂಡು ಒರೆಸಿಬಿಡುತ್ತಾರೆ.

ಇಷ್ಟು ನೆನೆದು ನಿಂತಿರುವಾಗ ಇವರು ಬಾಗಿಲಿಗೆ ಬಂದರು. ಬಿಚ್ಚಿದ ಹೊದಿಕೆ, ನನ್ನ ಕೈಯಲ್ಲಿ ಟೇಪು, ಎರಡನ್ನೂ ನೋಡಿದರು. ಅವರಿಗೆ ಗೊತ್ತಾಗಿತ್ತು.

"ಅಳತಿ ಆತೇನ?" ದನಿ ಸಣ್ಣಗಿತ್ತು.

"ಆಯ್ತು. ಇಲ್ಲಿ ಹಿಡಿಸಲ್ಲ. ಫ್ರೀಜರ್ನ ಬೇಸ್‌ಮೆಂಟಿಗೆ ಇಳಿಸೋಣ."

ಇವರ ಮುಖ ಅರಳಿತು. ಹೆಲ್ಮೆಟ್ಟು ಎತ್ತಿಕೊಂಡರು. "ಹಾಲು ಇಲ್ಲಲ್ಲಾ? ತರ್ತೇನಿ. ಹೋಗಿ ಬರ್ತೇನಿ."

ಫ್ರಿಜ್ಜಿನಲ್ಲಿ ಹಾಲು ಬೇಕಾದಷ್ಟಿತ್ತು. "ಹೋಗಿ ಬನ್ನಿ," ಅಂದೆ. ಗಾಡಿಯ ಸದ್ದು ತಿರುವಿನಾಚೆ ಹೋಗುವವರೆಗೆ ನಿಂತಿದ್ದು, ಟೇಪನ್ನು ಡ್ರಾಯರಿನಲ್ಲಿ ಫಾಯಿಲ್ ಸುರುಳಿಯ ಪಕ್ಕದ ಅದರ ಜಾಗದಲ್ಲಿಟ್ಟೆ. ಬೆಳಿಗ್ಗೆಯಿಂದ ಆ ಟೇಪನ್ನು ನಾನು ಒಂದು ಸಲವೂ ಬಿಚ್ಚಿರಲಿಲ್ಲ.