ಶಾಂತವ್ವನ ಮಾತು ಕಾಗದದಲ್ಲಿರಲಿಲ್ಲ

ಏಳು ವರ್ಷಗಳ ಹಿಂದೆ, ಫೆಬ್ರುವರಿಯ ಒಂದು ಭಾನುವಾರ ಮಧ್ಯಾಹ್ನ, ಬ್ಯಾಡಗಿಯ ಶಾಲೆಯೊಂದರ ಜಗಲಿಯಲ್ಲಿ, ಓದು ಬಾರದ ಹತ್ತೊಂಬತ್ತು ಹೆಂಗಸರ ಮುಂದೆ ನಾನೊಂದು ವರದಿ ಓದಿದೆ. ಅದರಲ್ಲಿ ಬರೆಯದೇ ಇದ್ದ ಒಂದು ಮಾತನ್ನೂ, ಬರೆದಿದೆ ಎಂಬಂತೆ, ಓದಿದೆ.

ಮೊದಲು ಹಾವೇರಿಯಲ್ಲಿ ಪತ್ರಿಕೆಯೊಂದರ ಸುದ್ದಿಮನೆಯಲ್ಲಿದ್ದೆ. ಅದನ್ನು ಬಿಟ್ಟು ರಾಣೆಬೆನ್ನೂರಿನ ಸಣ್ಣ ಸಂಸ್ಥೆಯೊಂದರ ಆರೋಗ್ಯ ಅಧ್ಯಯನಕ್ಕೆ ದಾಖಲೆ ಬರೆಯುವವನಾಗಿ ಸೇರಿದೆ. ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರ ಕೆಮ್ಮು, ಉರಿ — ವಿಷಯ ಅದು. ಹೊರಗಿನವರು ಬಂದು ಎಣಿಸಿಕೊಂಡು ಹೋಗುವ ಅಧ್ಯಯನವಲ್ಲ. ಏನು ಕೇಳಬೇಕು, ಯಾರನ್ನು ಕೇಳಬೇಕು, ಸಿಕ್ಕ ಉತ್ತರಕ್ಕೆ ಏನರ್ಥ — ಎಲ್ಲವನ್ನೂ ಆ ಹೆಂಗಸರೇ ಕೂತು ತೀರ್ಮಾನಿಸುತ್ತಿದ್ದರು. ನನ್ನದು ಬರೆಯುವ ಕೆಲಸ ಮಾತ್ರ. ಅವರಲ್ಲಿ ಹಿರಿಯರಾದ ಫಕ್ಕೀರವ್ವ ಮೊದಲ ದಿನವೇ ಕರಾರು ಹಾಕಿದ್ದರು.

"ನೀವು ಬರದದ್ದು ನಮಗ ಓದಾಕ ಬರಂಗಿಲ್ಲ. ಕಡೀಕ ಎಲ್ಲಾ ಓದಿ ಹೇಳ್ರಿ, ಖರೇ ಅನಿಸಿದ್ರ ಹೆಬ್ಬಟ್ಟು ಒತ್ತತೀವಿ. ನಡುವ ಒಂದು ಮಾತು ನುಂಗಿದ್ರಿ ಅಂದ್ರ, ಹಸಿ ಮೆಣಸಿನಕಾಯಿ ನುಂಗಿದಂಗ ಆಕ್ಕತಿ ನೋಡ್ರಿ ಅಣ್ಣಾರ!"

ಎಲ್ಲರೂ ನಕ್ಕರು. ನಾನೂ.

ಕಾಗಿನೆಲೆಯಿಂದ ದಿನಾ ಬಸ್ಸಿಗೆ ಬರುತ್ತಿದ್ದ ಶಾಂತವ್ವ ಒಂದು ದಿನ ಹೇಳಿದರು: "ಬಯಲಾಗ ಕುಂತು ಬಿಡಿಸಿದ್ರ ಕೆಮ್ಮು ಸಂಜೀಕ ಇಳಿತೈತ್ರಿ. ಗೋದಾಮಿನಾಗ ಬಾಗಲಾ ಹಾಕ್ತಾರ, ಗಾಳಿಗೆ ಕಾಯಿ ಒಣಗಿ ತೂಕ ಕಡಿಮಿ ಆಗ್ತೈತಂತ. ಅಲ್ಲಿ ನನಗ ಉಸುರ ಒಳಗ ಹೋಗಂಗಿಲ್ಲ. ಇದನ್ನ ಬರಕೋರಿ."

ಬರೆದುಕೊಂಡೆ. ವರದಿ ಸಿದ್ಧಪಡಿಸುವಾಗ ತೆಗೆದೆ.

ಇಬ್ಬರಾದರೂ ಹೇಳದ ಸಂಗತಿ ಅಚ್ಚಿಗೆ ಹೋಗಬಾರದು — ಸುದ್ದಿಮನೆಯ ಆ ನಿಯಮವನ್ನು ನನಗೆ ನಾನೇ ಹೇಳಿಕೊಂಡೆ. ಆದರೆ ಒಬ್ಬರೇ ಹೇಳಿದ ಬೇರೆ ಮೂರು ಮಾತುಗಳು ಅದೇ ವರದಿಯಲ್ಲಿ ಉಳಿದಿವೆ. ಇನ್ನೊಬ್ಬರನ್ನು ಕೇಳಿದ್ದರೆ ಸಾಕಿತ್ತು, ಕೇಳಲಿಲ್ಲ. ಅಂದರೆ — ನಿಯಮವಲ್ಲ. ಗೋದಾಮಿನ ಮಾಲೀಕರು ನಮ್ಮನ್ನು ಒಳಗೆ ಬಿಟ್ಟಿದ್ದರು, ಕುರ್ಚಿ ಹಾಕಿಸಿ ಚಹಾ ಕೊಟ್ಟಿದ್ದರು. ಇಂಥದ್ದು ಬರೆಯಬೇಡಿ ಎಂದು ಅವರು ಹೇಳಲೇ ಇಲ್ಲ. ಬಾಗಿಲಿನ ಸಂಗತಿ ಬರೆದರೆ ಮುಂದಿನ ಸಲ ಒಳಗೆ ಬಿಡಲಿಕ್ಕಿಲ್ಲ ಎಂದು ನಾನೇ —

ಆ ಭಾನುವಾರ ಏಳನೇ ಪುಟ ಮುಗಿಸುವಾಗ ಶಾಂತವ್ವ ತಲೆ ಎತ್ತಿದರು. "ನಾ ಹೇಳಿದ್ದು ಎಲ್ಲೈತ್ರಿ?"

ಪುಟ ತಿರುವಿದೆ. ಕಣ್ಣನ್ನು ಕಾಗದದ ಮೇಲೇ ಇಟ್ಟು, ಅವರ ಮಾತನ್ನು ನೆನಪಿನಿಂದ ಹೇಳಿದೆ. ಓದುವ ದನಿಯಲ್ಲೇ ಹೇಳಿದೆ. ಒಂದು ಕಡೆ ತಡವರಿಸಿದೆ ಕೂಡ — ಅಕ್ಷರ ಸರಿಯಾಗಿ ಕಾಣದವನ ಹಾಗೆ.

"ಹಾಂ, ಈಗ ಬರೋಬ್ಬರಿ ಆತು," ಎಂದು ಮೊದಲ ಹೆಬ್ಬಟ್ಟು ಒತ್ತಿದವರು ಅವರೇ.

ವರದಿ ಪುಸ್ತಕವಾಗಿ ಅಚ್ಚಾಯಿತು. ಅದನ್ನು ನೋಡಿ ಸಂಸ್ಥೆಯವರು ಮುಖಕ್ಕೆ ಕಟ್ಟಿಕೊಳ್ಳುವ ಬಟ್ಟೆ, ಕೈಗವಸು ಹಂಚಿದರು. ಬಾಗಿಲಿನ ಸಂಗತಿ ಯಾರೂ ಎತ್ತಲಿಲ್ಲ.

ಎರಡು ವರ್ಷದ ನಂತರ ಹಾವೇರಿಯ ಆಸ್ಪತ್ರೆಯಲ್ಲಿ ಶಾಂತವ್ವ ಸಿಕ್ಕರು. ನಾಲ್ಕು ಮಾತಿಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು.

"ಬಾಗಲಾ ತಗೀರಿ, ಪುಸ್ತಕದಾಗ ಬರದದ್ದೈತಿ ಅಂತ ಮಾಲಕರಿಗೆ ಹೇಳಿದೆ. ಅವರು ತರಿಸಿ ಓದಿದ್ರು. ಎಲ್ಲೈತಿ? ಸುಳ್ಳು ಹೇಳ್ತೀಯಲ್ಲಬೇ, ನಾಳಿಂದ ಬರಬ್ಯಾಡ ಅಂದ್ರು." ಸ್ವಲ್ಪ ಸುಧಾರಿಸಿಕೊಂಡು, "ಬ್ಯಾರೆ ಪುಸ್ತಕ ಓದಿರಬೇಕ್ರಿ ಅವರು. ಅಲ್ಲೇನ್ರಿ ಅಣ್ಣಾರ?"

"ಇರಬಹುದು," ಎಂದೆ.

ಜಗಲಿಯಲ್ಲಿ ಇಲ್ಲದ್ದನ್ನು ಓದಿದ್ದಕ್ಕೆ ಹೆದರಿಕೆ ಎಂಬ ಹೆಸರು ಕೊಡಬಹುದೇನೋ. ಆಸ್ಪತ್ರೆಯ ಬೆಂಚಿನ ಮೇಲೆ ಹೇಳಿದ ಈ ಒಂದು ಪದಕ್ಕೆ — ಹೆಸರು ಹುಡುಕುತ್ತಲೇ ಇದ್ದೇನೆ. ಕೂತಲ್ಲಿ ಕೂರಲಾಗುವುದಿಲ್ಲ. ಯಾರಾದರೂ ಗಟ್ಟಿಯಾಗಿ ಓದಿದರೆ ಎದ್ದು ಹೊರಗೆ ಹೋಗುತ್ತೇನೆ.

ಹೋದ ಗುರುವಾರ ಕಾಗಿನೆಲೆಗೆ ಹೋಗಿ ಶಾಂತವ್ವನಿಗೆ ಎಲ್ಲ ಹೇಳಿದೆ.

"ಹಂಗಾರ ಮಾಲಕರು ಖರೇನ ಹೇಳಿದ್ರು," ಎಂದರು.

ಅವರು ಹೇಳಿದ ಮಾತು, ನಾನು ಅದನ್ನು ತೆಗೆದದ್ದು, ಇಲ್ಲದ್ದನ್ನು ಓದಿದ್ದು — ಮೂರನ್ನೂ ಬರೆದು ಸಹಿ ಮಾಡಿ ಶುಕ್ರವಾರ ರಾಣೆಬೆನ್ನೂರಿನ ಸಂಸ್ಥೆಗೂ ಗೋದಾಮಿನ ಮಾಲೀಕರಿಗೂ ಕೊಟ್ಟೆ. ಸಂಸ್ಥೆ ಪಡೆದುಕೊಂಡಿದೆ. ಮಾಲೀಕರಿಂದ ಉತ್ತರ ಬಂದಿಲ್ಲ. ಶಾಂತವ್ವನ ಸೊಸೆ ಈ ಸುಗ್ಗಿಯಿಂದ ಅದೇ ಗೋದಾಮಿಗೆ ಕೆಲಸಕ್ಕೆ ಹೋಗುತ್ತಿದ್ದಾರೆ.