ನಮ್ಮ ಪೈಲ್ವಾನನ ನಂಬರು

ನನಗೊಂದು ಚಟವಿದೆ. ಎಲೆಅಡಿಕೆಯದಲ್ಲ, ನಶ್ಯದ್ದೂ ಅಲ್ಲ. ಅವನ್ನು ಬಿಟ್ಟವರನ್ನಾದರೂ ನಾನು ನೋಡಿದ್ದೇನೆ. ನನ್ನದು ಸಾಲು ಹಚ್ಚುವ ಚಟ. ನಾಲ್ಕು ವಸ್ತು ಒಟ್ಟಿಗೆ ಕಂಡರೆ ಸಾಕು, ಇದು ಮೊದಲನೆಯದು, ಇದು ಎರಡನೆಯದು ಎಂದು ಮನಸ್ಸು ತನ್ನಷ್ಟಕ್ಕೆ ತಾನೇ ಎಣಿಸಲು ಶುರುಮಾಡುತ್ತದೆ. ಚಳ್ಳಕೆರೆಯಲ್ಲಿ ಯಾವ ಅಂಗಡಿಯ ಮಂಡಕ್ಕಿ ಮೆಣಸಿನಕಾಯಿ ಎಷ್ಟನೆಯದು, ಮೊಳಕಾಲ್ಮುರು ದಾರಿಯ ಬಸ್ಸಿನ ಡ್ರೈವರುಗಳಲ್ಲಿ ಯಾರ ಬ್ರೇಕು ಎಷ್ಟು ಮೃದು, ಎಲ್ಲಕ್ಕೂ ನನ್ನ ಬಳಿ ಪಟ್ಟಿಯಿದೆ. ಮದುವೆಯಾದ ಹೊಸತರಲ್ಲಿ ಹೆಂಡತಿ ಮಾಡುವ ಸಾರುಗಳನ್ನೂ ಹೀಗೇ ಸಾಲು ಹಚ್ಚಿ, ಬದನೆಕಾಯಿ ಸಾರಿಗೆ ಕೊನೆಯ ಸ್ಥಾನ ಕೊಟ್ಟೆ. ಆ ವಾರ ಪೂರ್ತಿ ಬದನೆಕಾಯಿ ಸಾರೇ ಉಂಡೆ.

ಹೊಟ್ಟೆಪಾಡೂ ಅದೇ. ಹೈಸ್ಕೂಲಿನ ಮೇಷ್ಟ್ರು ನಾನು. ವರ್ಷಕ್ಕೊಮ್ಮೆ ಮಕ್ಕಳನ್ನು ಬ್ರಹ್ಮಗಿರಿಗೆ ಕರೆದುಕೊಂಡು ಹೋಗಿ, ಅಶೋಕನ ಶಾಸನದ ಬಂಡೆಯ ಮುಂದೆ ನಿಲ್ಲಿಸಿ ಪಾಠ ಹೇಳುತ್ತಿದ್ದೆ. ಒಳ್ಳೆಯದು ದೊಡ್ಡವರಿಗೆ ಮಾತ್ರ ಸಿಗುವಂಥದ್ದಲ್ಲ, ಮನಸ್ಸಿಟ್ಟರೆ ಸಣ್ಣವರಿಗೂ ಸಿಗುತ್ತದೆ ಎಂಬರ್ಥದ ಮಾತು ಅದರಲ್ಲಿದೆ. ಚಕ್ರವರ್ತಿಯೊಬ್ಬ ನಮ್ಮ ಸೀಮೆಯ ಕಲ್ಲಿನ ಮೇಲೆ ಇಂಥದ್ದನ್ನು ಕೊರೆಸಿದನಲ್ಲ ಎಂದು ಹೇಳುವಾಗ ನನ್ನ ಗಂಟಲು ಏರುತ್ತಿತ್ತು. ಅದು ಶನಿವಾರದ ಮಾತು. ಸೋಮವಾರ ಅದೇ ಗಂಟಲಿನಲ್ಲಿ ಕಿರುಪರೀಕ್ಷೆಯ ರ‍್ಯಾಂಕುಗಳನ್ನು ಮೊದಲನೆಯದರಿಂದ ಐವತ್ತೆರಡನೆಯದರವರೆಗೆ ಗಟ್ಟಿಯಾಗಿ ಓದುತ್ತಿದ್ದೆ.

ಈ ಚಟ ನನ್ನನ್ನು ಒಂದು ಸುಳ್ಳಿಗೆ ಸಿಕ್ಕಿಸಿ ಹನ್ನೆರಡು ವರ್ಷ ಒದ್ದಾಡಿಸಿತು. ಅದನ್ನು ಹೇಳಬೇಕೆಂದೇ ಇಷ್ಟು ಸುತ್ತು ಬಳಸಿ ಬರುತ್ತಿದ್ದೇನೆ.

ತೊಂಬತ್ತರ ದಶಕದ ಆರಂಭದಲ್ಲಿ ನನ್ನ ಬಳಿ ಒಂದು ಹಳೆಯ ಸ್ಕೂಟರ್ ಇತ್ತು. ಅದು ನನ್ನನ್ನು ಹೊತ್ತದ್ದಕ್ಕಿಂತ ನಾನು ಅದನ್ನು ತಳ್ಳಿದ್ದೇ ಹೆಚ್ಚು. ತಳ್ಳಿಕೊಂಡು ಹೋಗಿ ನಿಲ್ಲಿಸುತ್ತಿದ್ದುದು ಬಾಬಾಜಾನ್ ಅವರ ಗ್ಯಾರೇಜಿನ ಮುಂದೆ. ಬಾಬಾಜಾನ್ ನನಗಿಂತ ಎರಡು ವರ್ಷ ದೊಡ್ಡವರು. ಉರ್ದು ಶಾಲೆಯಲ್ಲಿ ನಾಲ್ಕನೇ ಇಯತ್ತೆಗೇ ಓದು ಬಿಟ್ಟು ಪಾನಾ ಹಿಡಿದವರು. ಪಾನಾ ಎಂದರೆ ನಾವು ಸ್ಪ್ಯಾನರ್ ಅನ್ನುತ್ತೇವಲ್ಲ, ಅದು. ಸ್ಕೂಟರ್ ಬಿಚ್ಚಿ ಹಾಕಿಕೊಂಡರೆ ಅವರಿಗೆ ಮಾತು ಬರುತ್ತಿತ್ತು. ನನಗಂತೂ ಸದಾ ಬರುತ್ತದೆ. ಹೀಗೆ ಸ್ನೇಹ ಕೂಡಿತು.

ಒಮ್ಮೆ ಹೀಗೆಯೇ ಮಾತಾಡುತ್ತ ಅವರು ತಮ್ಮ ಹಳೆಯ ಕಥೆ ಹೇಳಿದ್ದರು. ಹರೆಯದಲ್ಲಿ ಯಾವುದೋ ಊರಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಕೆಲಸಕ್ಕೆ ಪರೀಕ್ಷೆಗೆ ಹೋಗಿದ್ದರಂತೆ. ಇಂಜಿನ್ ಬಿಚ್ಚಿ ಮತ್ತೆ ಜೋಡಿಸುವುದೇ ಪರೀಕ್ಷೆ. ಬೇಕಾಗಿದ್ದವರು ಹತ್ತು ಜನ. ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ಬಾಬಾಜಾನ್ ಹನ್ನೊಂದನೆಯವರು.

“ಯಾರಾನಾ ಒಬ್ರು ಬಿಟ್ರೆ ಕರೀತೀವಿ ಅಂದ್ರು ಮೇಷ್ಟ್ರೇ. ಒಂದು ವರ್ಷ ಕಾದೆ. ಹತ್ತು ಜನದಾಗೆ ಒಬ್ಬಂಗೂ ಒಂದು ಜ್ವರನೂ ಬರ್ಲಿಲ್ಲ ನೋಡ್ರಿ!” ಎಂದು ನಕ್ಕರು. ನಾನೂ ನಕ್ಕೆ. ಆದರೆ ಮನೆಗೆ ಬಂದ ಮೇಲೆ ಆ ನಗು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತು. ಐವತ್ತೆರಡು ಮಕ್ಕಳ ಪಟ್ಟಿ ಓದುವವನಿಗೆ ಹನ್ನೊಂದನೆಯವನ ಮುಖ ಎಂದೂ ಕಂಡಿರಲಿಲ್ಲ.

ಇದಾಗಿ ಕೆಲವು ವಾರಗಳಿಗೆ ಆ ಪುಸ್ತಕ ಬಂತು. ಕೈ ಒರೆಸಲು ಬಾಬಾಜಾನ್ ರದ್ದಿ ಕಾಗದದ ಕಟ್ಟು ತರಿಸುತ್ತಿದ್ದರು. ಅದರೊಳಗೆ ಹೊದಿಕೆ ಕಿತ್ತುಹೋದ ಒಂದು ದಪ್ಪ ಇಂಗ್ಲಿಷ್ ಪುಸ್ತಕ. ಮೊದಲ ಇಪ್ಪತ್ತು ಪುಟಗಳು ಆಗಲೇ ಗ್ರೀಸು ಒರೆಸಿಕೊಂಡು ಮುಕ್ತಿ ಕಂಡಿದ್ದವು. ಉಳಿದ ಪುಟಗಳಲ್ಲಿ ಎಲ್ಲೆಲ್ಲೂ ಗುಡಾಣದಂಥ ಗಂಡಸರು, ತಲೆಗೆ ಟೋಪಿ, ಮುಖಕ್ಕೆ ಕಂಬಿ.

“ಇವ್ರು ವೆಲ್ಡಿಂಗ್ ಮಾಡೋರಾ ಮೇಷ್ಟ್ರೇ?” ಎಂದರು ಬಾಬಾಜಾನ್.

ಓದಿ ನೋಡಿದರೆ ಅದು ಅಮೆರಿಕದವರ ಫುಟ್‌ಬಾಲು. ಚೆಂಡು ತೆಂಗಿನಕಾಯಿಯ ಆಕಾರ, ಅದನ್ನು ಕಾಲಿಗಿಂತ ಕೈಯಲ್ಲೇ ಹೆಚ್ಚು ಆಡುತ್ತಾರೆ. ಇರಲಿ, ಅದು ಅವರ ಇಷ್ಟ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆಟವಲ್ಲ, ಪಟ್ಟಿ. ಪುಸ್ತಕ ಪೂರ್ತಿ ಪಟ್ಟಿಯೇ! ಸಂಬಳಕ್ಕೆ ಆಡುವ ಆಟಗಾರರನ್ನೆಲ್ಲ ಸ್ಥಾನಕ್ಕೆ ತಕ್ಕಂತೆ ವಿಂಗಡಿಸಿ, ಬಲವೆಷ್ಟು, ಓಟವೆಷ್ಟು, ಕೈಹಿಡಿತವೆಷ್ಟು ಎಂದು ಅಳೆದು, ಒಂದು ಎರಡು ಮೂರು ಎಂದು ನಿಲ್ಲಿಸಿದ್ದರು. ಚೆಂಡು ಎಸೆಯುವವರದೇ ಒಂದು ಸಾಲು, ಹಿಡಿದು ಓಡುವವರದೇ ಒಂದು ಸಾಲು. ಎಸೆಯುವವನ ಮುಂದೆ ಗೋಡೆಯಾಗಿ ನಿಂತು ಏಟು ತಿನ್ನುವುದಷ್ಟೇ ಕೆಲಸವಾದವರದೂ ಬೇರೆ ಸಾಲು. ಅವರನ್ನು ಗಾರ್ಡುಗಳೆನ್ನುತ್ತಾರೆ. ಅವರು ಚೆಂಡನ್ನು ಮುಟ್ಟುವಂತೆಯೇ ಇಲ್ಲವಂತೆ. ಹಾಗಿದ್ದೂ ಅವರಲ್ಲೊಬ್ಬ ಮೊದಲನೆಯವನು, ಒಬ್ಬ ಎರಡನೆಯವನು. ನನ್ನಂಥದೇ ಚಟದ ಪುಣ್ಯಾತ್ಮನೊಬ್ಬ ಕಡಲಾಚೆಗೂ ಇದ್ದಾನೆಂದು ತಿಳಿದು ನನಗೆ ಮೈ ಜುಮ್ಮೆಂದಿತು.

ಬಾಬಾಜಾನ್ ಪುಟ ತಿರುವುತ್ತ ಹೋಗಿ ಗಾರ್ಡುಗಳ ಪುಟದಲ್ಲಿ ಒಬ್ಬನ ಮೇಲೆ ಬೆರಳಿಟ್ಟರು. ಮಸಿ ಬೆರಳು ಅಲ್ಲಿ ಅಚ್ಚೊತ್ತಿತು. “ಇವ ನನ್ನ ಪೈಲ್ವಾನ. ಮಂಡಿ ನೋಡ್ರಿ, ಜಾಕ್ ಇಟ್ಟಂಗೆ ಕುಂತವ್ನೆ. ಇವನ್ನ ಯಾರು ಅಲ್ಲಾಡಿಸ್ತಾರೆ? ಇವ ಎಷ್ಟನೇಯವನು ಮೇಷ್ಟ್ರೇ?”

ನಾನು ನೋಡಿದೆ. ಚಿತ್ರದ ಪಕ್ಕದಲ್ಲಿ ದಪ್ಪಕ್ಷರದಲ್ಲಿ ಹನ್ನೊಂದು ಎಂದಿತ್ತು.

ಎಲ್ಲ ಬಿಟ್ಟು ಹನ್ನೊಂದೇ ಆಗಬೇಕೆ! ಡಿಪೋದ ಗೋಡೆ ನನ್ನ ಕಣ್ಣಿಗೆ ಕಟ್ಟಿತು. ನಾಲಿಗೆ ತನ್ನಷ್ಟಕ್ಕೆ ತಾನೇ “ಮೂರು” ಎಂದಿತು.

ಬಾಬಾಜಾನ್ ನನ್ನ ಮುಖವನ್ನು ಒಂದು ಕ್ಷಣ ನೋಡಿದರು. “ಮೂರಾ? ಬರಾಬರ್” ಎಂದು ಮತ್ತೆ ಸ್ಕೂಟರಿನ ಕಡೆ ತಿರುಗಿದರು.

ಸುಳ್ಳನ್ನು ಹೇಳುವುದು ಸುಲಭ, ಸಾಕುವುದು ಕಷ್ಟ. ಅಂದಿನಿಂದ ನಾನು ಗ್ಯಾರೇಜಿಗೆ ಹೋದಾಗಲೆಲ್ಲ ಸ್ಕೂಟರಿಗೆ ಏನಾಗಿದೆ ಎಂದು ಕೇಳುವ ಮೊದಲೇ ಬಾಬಾಜಾನ್ “ನಮ್ಮ ಪೈಲ್ವಾನ ಹೆಂಗವ್ನೆ?” ಎನ್ನುತ್ತಿದ್ದರು. ಇಂಗ್ಲಿಷ್ ಪೇಪರು ಓದುವ ಮೇಷ್ಟ್ರಿಗೆ ಗೊತ್ತಿಲ್ಲದೆ ಇರುತ್ತದೆಯೇ? ಮರುವರ್ಷ ಅವನಿಗೆ ಭುಜ ನೋವೆಂದೆ. ಅದರ ಮರುವರ್ಷ ವಾಸಿಯಾಗಿ ಎರಡನೆಯ ಸ್ಥಾನಕ್ಕೆ ಏರಿದನೆಂದೆ. ಮೊದಲನೆಯ ಸ್ಥಾನಕ್ಕೆ ಏರಿಸುವ ಧೈರ್ಯ ಮಾತ್ರ ಬರಲಿಲ್ಲ. ಅಷ್ಟು ದೊಡ್ಡ ಸುದ್ದಿಯಾದರೆ ಬೇರೆ ಯಾರಾದರೂ ವಿಚಾರಿಸಬಹುದೆಂಬ ಭಯ. ಒಬ್ಬ ಮನುಷ್ಯನನ್ನು ಅವನಿಗೇ ತಿಳಿಯದಂತೆ ನಾನು ಚಳ್ಳಕೆರೆಯಿಂದಲೇ ಮೇಲಕ್ಕೆ ಹತ್ತಿಸುತ್ತಿದ್ದೆ, ಇಳಿಸುತ್ತಿದ್ದೆ. ಪ್ರತಿ ಸುದ್ದಿಗೂ ಬಾಬಾಜಾನ್ ಒಂದು ಚಹಾ ಹೇಳುತ್ತಿದ್ದರು. ಅದನ್ನು ಕುಡಿಯುವಾಗ ನನಗೆ ನಾಚಿಕೆಯಾಗುತ್ತಿತ್ತು, ಆದರೂ ಕುಡಿಯುತ್ತಿದ್ದೆ.

ಈ ಗಾರ್ಡುಗಳ ವಿಷಯವನ್ನು ಒಮ್ಮೆ ಮೊಳಕಾಲ್ಮುರಿನಲ್ಲಿ ನಮ್ಮ ಮಾವನವರ ಮುಂದೆ ಹೇಳಿದೆ. ರೇಷ್ಮೆ ಸೀರೆ ನೇಯುವ ಕೇರಿಯಲ್ಲಿ ಅವರದು ಎಳೆ ಕೂಡಿಸುವ ಕೆಲಸ. ಮಗ್ಗದಲ್ಲಿ ಉದ್ದೆಳೆಗಳ ಒಂದು ಹಾಸು ಮುಗಿದ ಮೇಲೆ ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯದರ ತುದಿಗೆ ಬೆರಳಲ್ಲೇ ಹೊಸೆದು ಸೇರಿಸಬೇಕು; ಸಾವಿರಾರು ಎಳೆ. ಅವರು ಮಗ್ಗದ ಮೇಲೆ ಕೂತು ನೇಯುವುದಿಲ್ಲ. ಸೀರೆ ಉಟ್ಟವರು ನೇಯ್ದವನನ್ನು ಹೊಗಳಬಹುದು, ಎಳೆ ಕೂಡಿಸಿದವನು ಒಬ್ಬನಿದ್ದಾನೆಂದೇ ಅವರಿಗೆ ತಿಳಿಯದು. ಮಾವನವರು ಎಲ್ಲ ಕೇಳಿಸಿಕೊಂಡು, ಎಳೆ ಜಾರದಂತೆ ಬೆರಳಿಗೆ ಬೂದಿ ಹಚ್ಚಿಕೊಳ್ಳುತ್ತ, “ಏಮಯ್ಯಾ ಅಳಿಯ, ಆ ಪುಸ್ತಕದಾಗೆ ನಮ್ಮಂಥೋರಿಗೂ ಒಂದು ಹಾಳೆ ಕೊಟ್ಟವ್ರೆ ಅನ್ನು” ಎಂದರು. ಅವರ ಧ್ವನಿಯಲ್ಲಿ ಆಸೆಯಿತ್ತು. ಮೊದಲನೆಯ ಸ್ಥಾನದ ಆಸೆಯಲ್ಲ ಅದು, ಹಾಳೆಯ ಆಸೆ.

ಹಾಗೆ ನೋಡಿದರೆ ನಾನು ನನ್ನ ತರಗತಿಯಲ್ಲಿ ಎಲ್ಲರನ್ನೂ ಒಂದೇ ಹಾಳೆಗೆ ತುರುಕುತ್ತಿದ್ದೆ. ಲೆಕ್ಕ ಬಾರದ ಆದರೆ ಜಗಳ ಬಿಡಿಸುವುದರಲ್ಲಿ ಎತ್ತಿದ ಕೈಯಾದ ಹುಡುಗಿಗೆ, ಕುಂಟುವ ಗೆಳೆಯನ ಚೀಲವನ್ನು ನನ್ನಿವಾಳ ಹಳ್ಳಿಯಿಂದ ದಿನವೂ ಹೊತ್ತು ತರುವ ಹುಡುಗನಿಗೆ ನನ್ನ ಬಳಿ ಹಾಳೆಯೇ ಇರಲಿಲ್ಲ. ಇದನ್ನು ಯೋಚಿಸಿ ಮುಂದಿನ ಕಿರುಪರೀಕ್ಷೆಯ ರ‍್ಯಾಂಕು ಓದುವುದನ್ನು ನಿಲ್ಲಿಸಿದೆ. ಮಕ್ಕಳು ಸಂತೋಷಪಟ್ಟಾರೆಂದುಕೊಂಡಿದ್ದೆ. ಮೊದಲ ರ‍್ಯಾಂಕಿನವಳ ಅಪ್ಪ ಬಂದು ಜಗಳವಾಡಿ ಹೋದ.

ಒಂದು ಬೆಳಿಗ್ಗೆ ಕೇಬಲ್ಲಿನಲ್ಲಿ ಆ ಆಟವೇ ಬಂತು. ಬಾಬಾಜಾನ್ ಹೇಳಿಕಳುಹಿಸಿದರು, ಅವರ ಮನೆಯಲ್ಲಿ ಕೂತು ಇಬ್ಬರೂ ನೋಡಿದೆವು. ಓಡುತ್ತಾರೆ, ಒಬ್ಬರ ಮೇಲೊಬ್ಬರು ಬೀಳುತ್ತಾರೆ, ಎದ್ದು ನಿಂತು ಸಭೆ ಮಾಡುತ್ತಾರೆ. “ಇದು ನಮ್ಮ ಕಬಡ್ಡಿನೇ ಮೇಷ್ಟ್ರೇ. ಉಸಿರು ಬಿಡೋಕೆ ಟೈಮ್ ಕೊಟ್ಟವ್ರೆ ಅಷ್ಟೆ” ಎಂದರು. ನಮ್ಮ ಪೈಲ್ವಾನ ಎಲ್ಲೂ ಕಾಣಲಿಲ್ಲ. ಕ್ಯಾಮೆರಾ ಚೆಂಡಿನ ಹಿಂದೆಯೇ ಓಡುತ್ತಿತ್ತು, ಗಾರ್ಡುಗಳ ಬೆನ್ನು ಮಾತ್ರ ಆಗೊಮ್ಮೆ ಈಗೊಮ್ಮೆ ಅಂಚಿನಲ್ಲಿ ಬರುತ್ತಿತ್ತು. ಬಾಬಾಜಾನ್ ಮಾತ್ರ ಆ ಅಂಚನ್ನೇ ನೋಡುತ್ತಿದ್ದರು.

ಆಮೇಲೆ ಬಸ್‌ಸ್ಟ್ಯಾಂಡಿನ ಹತ್ತಿರ ಇಂಟರ್ನೆಟ್ ಅಂಗಡಿ ತೆರೆದಾಗ ನನಗೆ ನಡುಕ ಹುಟ್ಟಿತು. ಈಗ ಯಾರು ಬೇಕಾದರೂ ಎಲ್ಲಿಯದನ್ನು ಬೇಕಾದರೂ ನೋಡಬಹುದಂತೆ. ನಾನೇ ಮೊದಲು ಹೋಗಿ ಪೈಲ್ವಾನನ ಹೆಸರು ಟೈಪು ಮಾಡಿದೆ. ಪರದೆಯ ಮೇಲೆ ಚಿತ್ರ ನಿಧಾನವಾಗಿ ಮೇಲಿಂದ ಇಳಿಯತೊಡಗಿ, ಟೋಪಿ ಬಂತು, ಕಂಬಿ ಬಂತು, ಕರೆಂಟು ಹೋಯಿತು. ನಮ್ಮೂರಿನ ವಿದ್ಯುತ್ತಿನ ಬಗ್ಗೆ ನನಗೆ ಕೃತಜ್ಞತೆ ಹುಟ್ಟಿದ್ದು ಅದೊಂದೇ ಸಲ.

ಹೀಗೆ ಹನ್ನೆರಡು ವರ್ಷ. ಸ್ಕೂಟರಿಗೂ ನನಗೂ ವಯಸ್ಸಾಯಿತು, ಪೈಲ್ವಾನ ಮಾತ್ರ ಎರಡು-ಮೂರರ ನಡುವೆ ಗಟ್ಟಿಯಾಗಿ ನಿಂತಿದ್ದ. ಒಂದು ಮಧ್ಯಾಹ್ನ ಬಾಬಾಜಾನ್ ಸ್ಕೂಟರಿನ ಅಡಿಗೆ ಅಂಗಾತ ಮಲಗಿದ್ದರು, ನಾನು ಸ್ಟೂಲಿನ ಮೇಲೆ ಕೂತಿದ್ದೆ.

“ಮೇಷ್ಟ್ರೇ, ಅಲ್ಲಿಂದ ಹನ್ನೊಂದರ ಪಾನಾ ಕೊಡ್ರಿ” ಎಂದು ಕೈ ಚಾಚಿದರು.

ತಟ್ಟೆಯಲ್ಲಿದ್ದ ಪಾನಾಗಳಲ್ಲಿ ಒಂದನ್ನು ಎತ್ತಿ ಕೊಟ್ಟೆ. ಅವರು ಕಣ್ಣು ಹಾಯಿಸಿ ವಾಪಸು ಚಾಚಿದರು. “ಇದರ ಮ್ಯಾಲೆ ಹನ್ನೆರಡು-ಹದಿಮೂರು ಅಂತ ಬರ್ದೈತೆ ನೋಡ್ರಿ. ಹನ್ನೊಂದು ಬೇಕು ನಂಗೆ. ನಮ್ಮ ಪೈಲ್ವಾನನ ನಂಬರು.”

ಪಾನಾ ನನ್ನ ಕೈಯಲ್ಲೇ ಉಳಿಯಿತು. ಅದರ ತುದಿಯಲ್ಲಿ ಕೆತ್ತಿದ ಅಂಕಿಗಳನ್ನು ಅಂದೇ ಮೊದಲ ಸಲ ನಾನು ಸರಿಯಾಗಿ ನೋಡಿದ್ದು. ಪುಸ್ತಕದಲ್ಲಿ ಇದ್ದವೂ ಅವೇ ಅಂಕಿಗಳು. ದಿನಬೆಳಗಾದರೆ ನೂರು ಸಲ ಈ ಅಂಕಿಗಳನ್ನು ನೋಡಿ ಕೈಗೆತ್ತಿಕೊಳ್ಳುವ ಮನುಷ್ಯನಿಗೆ, ಇಂಗ್ಲಿಷ್ ಪುಸ್ತಕದಲ್ಲಿ ಹನ್ನೊಂದು ಎಂದಿದ್ದರೆ ಓದಲು ಬಾರದೆಂದು ನಾನು ನಂಬಿದ್ದೆ. ಓದು ಬರುವುದು ನನಗೊಬ್ಬನಿಗೇ ಎಂಬ ಗರ್ವಕ್ಕೆ ಕರುಣೆಯ ಅಂಗಿ ತೊಡಿಸಿ ಹನ್ನೆರಡು ವರ್ಷ ಮೆರೆಸಿದ್ದೆ.

“ಯಾವಾಗ ಗೊತ್ತಾಯ್ತು ಬಾಬಾಜಾನ್?”

“ಮೊದಲ್ನೇ ದಿನಾನೇ. ನಂಬರ್ ನೋಡೇ ಅಲ್ಲೇನ್ರಿ ನಾನು ಅವನ್ನ ಹಿಡ್ಕಂಡಿದ್ದು?”

“ಮತ್ತೆ ಹೇಳಬಾರದಿತ್ತೇನ್ರಿ?”

ಅವರು ಅಡಿಯಿಂದ ತಲೆ ಹೊರಗೆ ಹಾಕಿದರು. “ನೀವು ಅಷ್ಟು ಕಷ್ಟಪಟ್ಟು ಹತ್ತಿಸ್ತಿದ್ರಿ. ನಾನ್ಯಾಕೆ ಇಳಿಸ್ಲಿ? ನನ್ನ ಸಲುವಾಗಿ ಯಾರೂ ಅಷ್ಟು ಓಡಾಡಿರ್ಲಿಲ್ಲ ಮೇಷ್ಟ್ರೇ. ಅಲ್ಲದೆ ಹನ್ನೊಂದು ಅಂದ್ರೆ ಕಮ್ಮಿ ಏನು? ಅಷ್ಟು ದೊಡ್ಡ ದೇಶದಾಗೆ ಹನ್ನೊಂದನೇಯವ. ಅವ್ನು ಆಡ್ತಾನೆ ತಾನೆ? ನಾನೂ ಗ್ಯಾರೇಜ್ ನಡೆಸ್ತೀನಿ ತಾನೆ?”

ಮರುಕ ತೋರಿಸುತ್ತಿರುವವನು ನಾನೆಂದುಕೊಂಡಿದ್ದೆ. ಇಷ್ಟು ವರ್ಷ ನನ್ನನ್ನು ನೋಯಿಸಬಾರದೆಂದು ಚಹಾ ಹೇಳಿದವರು ಅವರು. ತಟ್ಟೆಯನ್ನು ತಡಕಿ, ಓದಿ ನೋಡಿ, ಹನ್ನೊಂದರ ಪಾನಾ ಎತ್ತಿ ಅವರ ಕೈಗಿಟ್ಟೆ.

ಎಷ್ಟಾದರೂ ಚಟ ಚಟವೇ ತಾನೆ? ಕೇಳಿಯೇಬಿಟ್ಟೆ. “ಬಾಬಾಜಾನ್, ನಿಮ್ಮ ಗ್ಯಾರೇಜಿಗೆ ಎಷ್ಟೋ ಜನ ಮೇಷ್ಟ್ರುಗಳು ಬರ್ತಾರಲ್ಲ. ಅವರಲ್ಲಿ ನಾನು ಎಷ್ಟನೆಯವನು?”

ಬಾಬಾಜಾನ್ ನನ್ನ ಮುಖವನ್ನು ಒಂದು ಕ್ಷಣ ನೋಡಿದರು.

“ಮೂರು” ಎಂದರು.

ಬರಾಬರ್ ಎಂದೆ. ಚಹಾ ಈ ಸಲ ನಾನೇ ಹೇಳಿದೆ.