ಬಿಸಿಲು ಬಿಟ್ಟ ವಾಲ್ಮೇ

ನಮ್ಮ ಕೂಲಂಗಟ್ಟಾ ಕಡಲತೀರದಲ್ಲಿ ಬಿಸಿಲು ಕಾಯಿಸಲು ಬಂದವರ ಮೈಗೆ ಎಣ್ಣೆ ಸಿಂಪಡಿಸುವುದು ವಾಲ್ಮೇ ಪ್ಯಾಸ್ಕೋಳ ಕಸುಬಾಗಿತ್ತು. ಗಿಡಗಳಿಗೆ ಔಷಧಿ ಹೊಡೆಯುವಂಥ ಡಬ್ಬಿಗೆ ಕೊಬ್ಬರಿ ಎಣ್ಣೆ ತುಂಬಿ, ಬೆನ್ನಿಗೆ ಕಟ್ಟಿಕೊಂಡು, ಮರಳಿನ ಮೇಲೆ ಬೋರಲು ಬಿದ್ದವರ ನಡುವೆ ಓಡಾಡುತ್ತಿದ್ದಳು. "ಬೆನ್ನೋ, ಹೊಟ್ಟೆನೋ? ಯಾವ ಕಡೆ ಬೇಯ್ಬೇಕು, ಬೇಗ ಹೇಳ್ರಪ್ಪಾ!" ಎಂದು ಅವಳು ಕೂಗಿದರೆ ರಸ್ತೆಯಾಚೆ ನನ್ನ ಕರಿದ ಮೀನಿನ ಅಂಗಡಿಗೂ ಕೇಳಿಸುತ್ತಿತ್ತು. ಗಂಡ ಬಿಟ್ಟುಹೋದ ಮೇಲೆ ಅವಳಿಗೆ ಇದ್ದವಳು ಒಬ್ಬಳೇ ಮಗಳು, ಕೆರಿನ್. ಆ ಹುಡುಗಿ ನಡೆಯಲು ಕಲಿತದ್ದೇ ಎಣ್ಣೆ ಮೆತ್ತಿದ ಆ ಮರಳಿನಲ್ಲಿ.

ಎಪ್ಪತ್ತರ ದಶಕ ಅದು. ಬಿಳಿಯರ ಊರು ನಮ್ಮದು; ಬಿಸಿಲಿಗೆ ಮೈ ಕಂದು ತಿರುಗಿದ್ದರೆ ಆರೋಗ್ಯ, ಬಿಳಿಚಿಕೊಂಡಿದ್ದರೆ ಏನೋ ಕಾಯಿಲೆ ಎಂದೇ ನಮ್ಮೂರಿನ ಲೆಕ್ಕ. ಬಿಳಿ ಕಾಲಿನವರು ಯಾರಾದರೂ ಬಂದರೆ "ಹಾಲಿನ ಬಾಟ್ಲಿ ಬಂತು ನೋಡ್ರೋ" ಎಂದು ಆಡಿಕೊಳ್ಳುತ್ತಿದ್ದರು.

ಕೆರಿನ್ ಬೆಳೆದು ನಿಂತ ಮೇಲೆ, ಒಂದು ಚಳಿಗಾಲ ವೈದ್ಯರು ವಾಲ್ಮೇಯ ಭುಜದಿಂದ ಕಪ್ಪು ಮಚ್ಚೆಯೊಂದನ್ನು ಕತ್ತರಿಸಿ ತೆಗೆದರು. ಬಿಸಿಲಿನಿಂದ ಬಂದ ಚರ್ಮದ ಕ್ಯಾನ್ಸರ್ ಅಂದರು. ಬೇಗ ಬಂದದ್ದಕ್ಕೆ ಉಳಿದುಕೊಂಡಿರಿ, ಇನ್ನು ಬಿಸಿಲಿನ ಸಹವಾಸ ಬೇಡ ಎಂದೂ ಹೇಳಿ ಕಳಿಸಿದರು. ಅವಳು ಡಬ್ಬಿಯನ್ನು ಮೂಲೆಗೆ ಹಾಕಿ, ಹೋಟೆಲೊಂದರಲ್ಲಿ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದಳು. ಹೊರಗೆ ಹೊರಟರೆ ತುಂಬುತೋಳಿನ ಅಂಗಿ, ಅಗಲ ಟೋಪಿ. ಬರಬರುತ್ತಾ ಬಣ್ಣ ಇಳಿಯಿತು, ಬಿರುಕುಬಿಟ್ಟಿದ್ದ ಚರ್ಮ ಮೆತ್ತಗಾಯಿತು.

ಊರಿಗೆ ಕಂಡದ್ದೇ ಬೇರೆ. ಕಾಯಿಲೆ ಮರುಕಳಿಸಿದೆಯಂತೆ, ಪಾಪ, ಇನ್ನು ಹೆಚ್ಚು ದಿನ ಇಲ್ಲವಂತೆ ಎಂದು ಗುಸುಗುಸು ಎದ್ದಿತು. ಅವಳ ಬಾಗಿಲಿಗೆ ಪಾತ್ರೆಗಟ್ಟಲೆ ಕುರಿಮಾಂಸದ ಸಾರು ಬಂತು. ಪಕ್ಕದ ಮನೆಯ ಡಲ್ಸಿಯಂತೂ ನನ್ನ ಅಂಗಡಿಯಲ್ಲೇ ಅವಳ ಕೈ ಹಿಡಿದು ಅತ್ತಳು.

"ಎಷ್ಟು ಸೊರಗಿ ಹೋಗಿದ್ದೀಯೇ ವಾಲ್ಮೇ!"

"ಸೊರಗಿಲ್ಲ ಕಣೇ, ಹುಷಾರಾಗಿದೀನಿ. ನಾನು ಹುಟ್ಟಿದ ಬಣ್ಣ ಇದು!"

"ಧೈರ್ಯ ನೋಡು ಇವ್ಳದ್ದು," ಎಂದು ಡಲ್ಸಿ ಇನ್ನಷ್ಟು ಅತ್ತಳು.

ಅವಳು ಹೋದ ಮೇಲೆ ವಾಲ್ಮೇ ನಕ್ಕಳು. "ನಾನು ಸತ್ರೇನೇ ಇವ್ರಿಗೆಲ್ಲ ಸಮಾಧಾನ." ಆಮೇಲೆ ನಗು ನಿಲ್ಲಿಸಿ ಹೇಳಿದಳು, "ನಂದಿರ್ಲಿ. ಕೆರಿನ್ ಬಿಸಿಲಿಗೆ ಬೀಳೋದು ಬಿಡ್ಬೇಕಲ್ಲ. ಅದೊಂದೇ ನಂಗೆ ಚಿಂತೆ."

ಕೆರಿನ್ ಬಿಡಲಿಲ್ಲ. ಬೇಸಿಗೆಯಲ್ಲಿ ಅವಳ ಮದುವೆ ಗೊತ್ತಾಗಿತ್ತು, ತೋಳಿಲ್ಲದ ಬಿಳಿ ಗೌನು ಹೊಲಿಯಲು ಕೊಟ್ಟಿದ್ದಳು.

"ಈ ಸಲ ಒಂದು ಬಿಟ್ಬಿಡೇ, ನಿನ್ನ ಕಾಲಿಗೆ ಬೀಳ್ತೀನಿ," ಅಂದಳು ತಾಯಿ.

"ತೊಟ್ಟಿಲಲ್ಲಿದ್ದಾಗ್ಲೇ ಎಣ್ಣೆ ಹಚ್ಚಿ ಬಿಸಿಲಿಗೆ ಮಲಗ್ಸಿದ್ದು ಯಾರಮ್ಮ? ಈಗ ನಿಂಗೆ ಬುದ್ಧಿ ಬಂತು ಅಂತ ನಾನು ಸುಣ್ಣದ ಗೋಡೆ ಥರ ಮದುವೆಯಾಗ್ಲಾ?"



ಮದುವೆಯ ಬೆಳಿಗ್ಗೆ ಗೌನಿನ ಗುಂಡಿ ಹಾಕುವಾಗ ಮಗಳ ಬೆನ್ನಿನ ಮೇಲೆ ವಾಲ್ಮೇಯ ಕೈ ನಿಂತುಬಿಟ್ಟಿತು. ಹೆಗಲಮೂಳೆಯ ಕೆಳಗೆ ಅಂಚು ಹರಡಿದ ಕಪ್ಪು ಮಚ್ಚೆ. ಮಧುಚಂದ್ರದ ಪ್ರವಾಸ ಮುಗಿಸಿ ಬಂದು ವೈದ್ಯರಿಗೆ ತೋರಿಸುತ್ತೇನೆ ಎಂದು ಕೆರಿನ್ ಮಾತು ಕೊಟ್ಟಳು. ಚರ್ಚಿನ ಹೊರಗೆ ಎಲ್ಲರೂ ತಾಯಿಯನ್ನು ಕಂಡು ಮರುಗಿದರು, ಮಗಳನ್ನು ಕಂಡು "ಆರೋಗ್ಯ ಅಂದ್ರೆ ಇದಪ್ಪಾ!" ಅಂದರು. ಒಬ್ಬೊಬ್ಬರ ಬಾಯಿಗೂ ಬಟ್ಟೆ ತುರುಕಬೇಕು ಅನ್ನಿಸುತ್ತದೆ ಈಗ ನನಗೆ.

ಪ್ರವಾಸದಿಂದ ಬಂದು ತೋರಿಸುವಷ್ಟರಲ್ಲಿ ಅದು ಒಳಗಿಳಿದು ಶ್ವಾಸಕೋಶ ಸೇರಿತ್ತು. ಕತ್ತರಿಸಿದರು, ಮದ್ದು ಕೊಟ್ಟರು, ಕೊನೆಗೆ ಕೈಚೆಲ್ಲಿದರು. ಮುಂದಿನ ಚಳಿಗಾಲ ನಾನು ಆಸ್ಪತ್ರೆಗೆ ಹೋದಾಗ ಕೆರಿನ್ ಹಾಸಿಗೆಯಲ್ಲಿ ಎಲುಬಿನ ಗೂಡಾಗಿದ್ದಳು.

"ಅಮ್ಮ, ಚಳಿ. ಒಂದು ಚೂರು ಬಿಸಿಲಿಗೆ ಕರ್ಕೊಂಡು ಹೋಗು."

ಗಾಲಿಕುರ್ಚಿಯನ್ನು ನಾವಿಬ್ಬರೂ ಹಿತ್ತಲ ಅಂಗಳಕ್ಕೆ ತಳ್ಳಿದೆವು. ವಾಲ್ಮೇ ಅಭ್ಯಾಸಬಲದಿಂದ ಅದನ್ನು ಮರದ ನೆರಳಿಗೆ ತಿರುಗಿಸಿದಳು. ಮಗಳು ತಲೆ ಅಲ್ಲಾಡಿಸಿದಳು. ವಾಲ್ಮೇ ಒಂದು ಗಳಿಗೆ ಹಿಡಿಕೆ ಬಿಗಿಯಾಗಿ ಹಿಡಿದು ನಿಂತಳು, ಆಮೇಲೆ ತಾನೇ ನಡುಬಿಸಿಲಿಗೆ ತಳ್ಳಿದಳು. ಟೋಪಿ ತೆಗೆದಿಟ್ಟು, ಅಂಗಿಯ ತೋಳು ಮೇಲಕ್ಕೆ ಮಡಿಚಿಕೊಂಡು, ಮಗಳ ಪಕ್ಕ ಹುಲ್ಲಿನ ಮೇಲೆ ಕೂತಳು.

ಕೆರಿನ್‌ಗೆ ಜೊಂಪು ಹತ್ತಿದ ಮೇಲೆ ನಾನು ಮೆಲ್ಲಗೆ ಟೋಪಿ ಎತ್ತಿಕೊಟ್ಟೆ.

"ಬೇಡ ಬಿಡೇ," ಅಂದಳು ವಾಲ್ಮೇ. "ಈ ಚರ್ಮ ಇನ್ನು ಯಾರಿಗೋಸ್ಕರ ಉಳಿಸ್ಕೊಳ್ಳಲಿ?"